ಅಜ್ಜನ ಕಾರಿಗೆ ಹಳೆಯ ಕಪ್ಪು ನಂಬರ್ ಪ್ಲೇಟ್ ಹಾಕಬಹುದೇ?

"50 ವರ್ಷ ದಾಟಿದ ಕಾರಿಗೆ ಯಾವ ನಿಯಮವೂ ಇಲ್ಲ, ಕಪ್ಪು ಪ್ಲೇಟ್ ಹಾಕಿಕೊಂಡು ಎಲ್ಲಿ ಬೇಕಾದರೂ ಓಡಿಸಬಹುದು." ಇಂಥದೊಂದು ಮಾತು ಹಳೆಯ ಕಾರಿನ ಫೋಟೋ ಜೊತೆಗೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತದೆ. ಇದಕ್ಕೆ ತದ್ವಿರುದ್ಧವಾದ ಇನ್ನೊಂದೂ ಇದೆ: "15 ವರ್ಷ ಆದ ಕಾರುಗಳೆಲ್ಲ ಗುಜರಿಗೆ." ಇವೆರಡರ ನಡುವೆ ಮೂರನೆಯದು ಸದ್ದಿಲ್ಲದೆ ಬರುತ್ತದೆ, ಹಳೆಯ ಸೀರೀಸ್ ನಂಬರ್ ಆರ್‌ಸಿ ಸಮೇತ ಮಾರಾಟಕ್ಕಿದೆ ಎಂಬುದು. ಮೊದಲೆರಡನ್ನು ನಂಬಿದರೆ ತಲೆನೋವು. ಮೂರನೆಯದನ್ನು ನಂಬಿದರೆ ಪೊಲೀಸ್ ಕೇಸು.

ಮನೆಯ ಶೆಡ್ಡಿನಲ್ಲಿ ಫಿಯೆಟ್ಟೋ ಅಂಬಾಸಿಡರ್ರೋ ಧೂಳು ಹಿಡಿದು ನಿಂತಿರುವವರಿಗೆ ಇದು ತಮಾಷೆಯ ವಿಷಯವಲ್ಲ. ಕಾರನ್ನು ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಕೊನೆಗೆ ನಂಬರ್ ಪ್ಲೇಟಿನ ಹತ್ತಿರ ಬಂದಾಗ ಎಲ್ಲರೂ ನಿಲ್ಲುತ್ತಾರೆ. ಅಜ್ಜನ ಕಾಲದ ಹಾಗೆಯೇ ಇರಬೇಕು ಎಂಬ ಆಸೆ ಒಂದು ಕಡೆ, ಸಿಗ್ನಲ್‌ನಲ್ಲಿ ಹಿಡಿದರೆ ಏನು ಗತಿ ಎಂಬ ಭಯ ಇನ್ನೊಂದು ಕಡೆ.

ನಂಬರ್ ಬೇರೆ, ಪ್ಲೇಟ್ ಬೇರೆ

ಗೊಂದಲವೆಲ್ಲ ಶುರುವಾಗುವುದು ಈ ಎರಡನ್ನೂ ಒಂದೇ ಅಂದುಕೊಂಡಾಗ. ಪ್ಲೇಟ್ ಎಂದರೆ ಒಂದು ತಗಡು. ನಂಬರ್ ಎಂದರೆ ಆರ್‌ಟಿಒ ದಾಖಲೆಯಲ್ಲಿ ನಿಮ್ಮ ಕಾರಿನ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್ ಪಕ್ಕದಲ್ಲಿ ಬರೆದಿರುವ ಗುರುತು. ತಗಡನ್ನು ಎಷ್ಟು ಸಲ ಬೇಕಾದರೂ ಮಾಡಿಸಬಹುದು. ದಾಖಲೆ ಇರುವುದು ಒಂದೇ.

ಈಗ ನಮ್ಮ ಕಾರುಗಳ ಮೇಲೆ ಕಾಣುವ ಕೆಎ 05, ಕೆಎ 09 ಮಾದರಿ ಬಂದದ್ದು 1988ರ ಮೋಟಾರು ವಾಹನ ಕಾಯ್ದೆ 1989ರ ಜುಲೈನಲ್ಲಿ ಜಾರಿಯಾದ ಮೇಲೆ. ಅದಕ್ಕೂ ಮುಂಚೆ ಮೂರು ಅಕ್ಷರ, ಅದರ ಮುಂದೆ ನಾಲ್ಕರವರೆಗೆ ಅಂಕಿ. ನಮ್ಮ ರಾಜ್ಯದಲ್ಲಿ 'ಎಂವೈ', 'ಎಂಇ', 'ಸಿಎ' ಎಂದು ಶುರುವಾಗುವ ಸೀರೀಸ್‌ಗಳಿದ್ದವು. ಬೆಂಗಳೂರಿನಲ್ಲಿ ಎಂಬತ್ತರ ದಶಕ ಕಂಡವರಿಗೆ 'ಸಿಎಎ' ಎಂದರೆ ಸಾಕು, ಕಣ್ಣ ಮುಂದೆ ಪದ್ಮಿನಿ ಬಂದು ನಿಲ್ಲುತ್ತದೆ. 1956ಕ್ಕೆ ಮುಂಚಿನ ಕಾರಾದರೆ ಕಥೆ ಇನ್ನೂ ಬೇರೆ. ಆಗ ಧಾರವಾಡ ಬಾಂಬೆ ರಾಜ್ಯದಲ್ಲಿತ್ತು, ಮಂಗಳೂರು ಮದರಾಸಿನಲ್ಲಿತ್ತು, ಕಲಬುರಗಿ ಹೈದರಾಬಾದಿನಲ್ಲಿತ್ತು. ಹಾಗಾಗಿ ಆ ಊರುಗಳಲ್ಲಿ ಆಗ ನೋಂದಣಿಯಾದ ಕಾರಿನ ಮೇಲೆ ಮೈಸೂರಿನ ಅಕ್ಷರ ಇರಬೇಕೆಂದೇನೂ ಇಲ್ಲ. 1970ರ ಕಥೆ ಹೇಳುವ ಸಿನಿಮಾದಲ್ಲಿ ಕೆಎ ನಂಬರಿನ ಅಂಬಾಸಿಡರ್ ಕಂಡರೆ ಮಾತ್ರ ಧೈರ್ಯವಾಗಿ ತಪ್ಪು ಎನ್ನಬಹುದು; ಕರ್ನಾಟಕ ಎಂಬ ಹೆಸರು ಬಂದದ್ದೇ 1973ರ ನವೆಂಬರ್ 1ಕ್ಕೆ.

ಬಣ್ಣದ ವಿಷಯ ಇಷ್ಟೇ. ಹಳೆಯ ಕಾಲದಲ್ಲಿ ಸ್ವಂತ ಕಾರಿಗೆ ಕಪ್ಪು ತಗಡಿನ ಮೇಲೆ ಬಿಳಿ ಅಕ್ಷರ ಇರುತ್ತಿತ್ತು, ಪೇಂಟರ್ ಕುಂಚ ಹಿಡಿದು ಬರೆಯುತ್ತಿದ್ದ. 2001ರ ಸುಮಾರಿಗೆ ನಿಯಮ ಬದಲಾಗಿ ಸ್ವಂತ ವಾಹನಕ್ಕೆ ಬಿಳಿಯ ಮೇಲೆ ಕಪ್ಪು, ಬಾಡಿಗೆ ವಾಹನಕ್ಕೆ ಹಳದಿಯ ಮೇಲೆ ಕಪ್ಪು ಎಂದಾಯಿತು. ಆ ಬದಲಾವಣೆ ಆಗಲೇ ಓಡುತ್ತಿದ್ದ ಕಾರುಗಳಿಗೂ ಅನ್ವಯವಾಯಿತು. "ನನ್ನ ಕಾರು ಅದಕ್ಕಿಂತ ಹಳೆಯದು, ಹಾಗಾಗಿ ಕಪ್ಪು ಪ್ಲೇಟೇ ಇರಲಿ" ಎನ್ನುವ ವಾದ ರಸ್ತೆಯಲ್ಲಿ ನಿಲ್ಲುವುದಿಲ್ಲ. ಈಗ ಕಪ್ಪು ಪ್ಲೇಟ್ ಮೇಲೆ ಹಳದಿ ಅಕ್ಷರ ಕಂಡರೆ ಅದು ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ಕಾರು. ಅಂದರೆ ಇವತ್ತು ಕಪ್ಪು ಬಣ್ಣಕ್ಕೆ ಬೇರೆಯದೇ ಅರ್ಥವಿದೆ.

50 ವರ್ಷದ ನಿಯಮ ನಿಜಕ್ಕೂ ಏನು ಹೇಳುತ್ತದೆ?

ಫಾರ್ವರ್ಡ್‌ನಲ್ಲಿ ಅರ್ಧ ಸತ್ಯ ಇರುವುದು ಇಲ್ಲಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು 'ವಿಂಟೇಜ್' ವಾಹನ ಎಂದರೆ ಯಾವುದು ಎಂದು ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ವ್ಯಾಪಾರಕ್ಕೆ ಬಳಸುತ್ತಿರಬಾರದು, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹಳೆಯ ಅಂಬಾಸಿಡರ್‌ಗೆ ಮೈಲೇಜ್ ಬರಲಿ ಎಂದು ಬೇರೆ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಂಥ ಕಾರಿಗೆ ವಯಸ್ಸಾಗಿದ್ದರೂ ಈ ಬಾಗಿಲು ತೆರೆಯುವುದು ಕಷ್ಟ.

ವಯಸ್ಸಿನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. 1970ರಲ್ಲಿ ನೋಂದಣಿಯಾದ ಫಿಯೆಟ್‌ಗೆ 2020ರಲ್ಲೇ 50 ತುಂಬಿತು. 1985ರ ಪ್ರೀಮಿಯರ್ ಪದ್ಮಿನಿ 2035ರವರೆಗೆ ಕಾಯಬೇಕು. 1983ರ ಕೊನೆಯಲ್ಲಿ ರಸ್ತೆಗಿಳಿದ ಮೊದಲ ಮಾರುತಿ 800ಗಳಿಗೂ ಇನ್ನೂ ಸಮಯ ಇದೆ. ಇವೆಲ್ಲ ನಮ್ಮ ಕಣ್ಣಿಗೆ ವಿಂಟೇಜ್, ಕಾನೂನಿನ ಕಣ್ಣಿಗೆ ಬರೀ ಹಳೆಯ ಕಾರು.

ನಂಬರ್ ವಿಷಯದಲ್ಲಿ ಈ ನಿಯಮ ಒಂದು ದೊಡ್ಡ ಉಪಕಾರ ಮಾಡಿದೆ. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಮೂಲ ನಂಬರನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ಹಳೆಯ ಕಾರಿಗೆ ಮಾತ್ರ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಗುರುತು, ಎರಡಕ್ಷರದ ಸೀರೀಸ್, ನಾಲ್ಕು ಅಂಕಿ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರು ನೋಂದಣಿಗೆ 5,000 ರೂಪಾಯಿ ಎಂದು ಆಗ ನಿಗದಿಯಾಯಿತು.

ಫಾರ್ವರ್ಡ್ ಹೇಳದೆ ಬಿಟ್ಟದ್ದು ಮುಂದಿನ ಮಾತು. ವಿಂಟೇಜ್ ಎಂದು ನೋಂದಣಿಯಾದ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಅಲ್ಲಿಗೆ ಹೋಗಿ ಬರುವುದು, ಪೆಟ್ರೋಲ್ ಹಾಕಿಸುವುದು, ರಿಪೇರಿಗೆ ಒಯ್ಯುವುದು, ಇಷ್ಟಕ್ಕೆ ಮಾತ್ರ ಅನುಮತಿ. ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ದೇವಸ್ಥಾನಕ್ಕೆ ಹೋಗಬೇಕು ಎನ್ನುವವರಿಗೆ ಇದು ಸರಿಯಾದ ದಾರಿಯಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಬೇಕು. 15 ವರ್ಷದ ನಂತರ ಆರ್‌ಟಿಒ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುವ ದಾರಿ ಅದು. 15 ವರ್ಷಕ್ಕೆ ಗುಜರಿ ಎಂಬ ಸುದ್ದಿಯ ಮೂಲ ದೆಹಲಿ ಸುತ್ತಮುತ್ತಲಿನ ಪ್ರದೇಶಕ್ಕೆ ಬಂದ ಹಸಿರು ನ್ಯಾಯಮಂಡಳಿಯ ಆದೇಶ. ಅದು ಬೆಂಗಳೂರಿಗೋ ಹುಬ್ಬಳ್ಳಿಗೋ ಬಂದ ಆದೇಶವಲ್ಲ.

ಇನ್ನು ಎಚ್‌ಎಸ್‌ಆರ್‌ಪಿ, ಅಂದರೆ ಅತಿ ಸುರಕ್ಷಿತ ನಂಬರ್ ಪ್ಲೇಟ್. 2019ರ ಏಪ್ರಿಲ್ 1ಕ್ಕಿಂತ ಮುಂಚಿನ ವಾಹನಗಳೂ ಇದನ್ನು ಹಾಕಿಸಬೇಕೆಂದು ಕರ್ನಾಟಕ 2023ರ ಆಗಸ್ಟ್‌ನಲ್ಲಿ ಆದೇಶಿಸಿತು, ಆಮೇಲೆ ಗಡುವು ಹಲವು ಸಲ ಮುಂದಕ್ಕೆ ಹೋಯಿತು. ಅಲ್ಯೂಮಿನಿಯಂ ಪ್ಲೇಟ್, ಎಡ ಮೂಲೆಯಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಅದರ ಕೆಳಗೆ ಲೇಸರ್‌ನಲ್ಲಿ ಕೊರೆದ ಸಂಖ್ಯೆ. 'ಎಂವೈ' ನಂಬರಿನ ಮುದುಕ ಕಾರಿಗೆ ಇದು ಅಂದ ಕೊಡುವುದಿಲ್ಲ, ಒಪ್ಪುತ್ತೇವೆ. ಆದರೆ ಆ ಹೊಳೆಯುವ ಪ್ಲೇಟಿನ ಮೇಲೂ ಇರುವುದು ಅಜ್ಜನ ನಂಬರೇ. ಇದರ ಹೆಸರಿನಲ್ಲಿ ನಕಲಿ ಬುಕಿಂಗ್ ಲಿಂಕ್‌ಗಳು ಬಂದು ಜನ ಹಣ ಕಳೆದುಕೊಂಡದ್ದೂ ಇದೆ. ಸಾರಿಗೆ ಇಲಾಖೆಯ ಜಾಲತಾಣದಿಂದಲೇ ಹೋಗಿ, ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ.

ಬೇರೆ ದೇಶದವರು ಏನು ಮಾಡಿದ್ದಾರೆ?

ಕಪ್ಪು ಪ್ಲೇಟ್ ಹಾಕಿದ ಕಾರುಗಳ ವಿಡಿಯೋ ನೋಡಿ "ಅಲ್ಲಿ ಆಗುತ್ತದೆ, ಇಲ್ಲಿ ಏಕಿಲ್ಲ?" ಎಂದು ಕೇಳುವವರಿದ್ದಾರೆ. ಬ್ರಿಟನ್‌ನಲ್ಲಿ 1980ರ ಜನವರಿ 1ಕ್ಕೆ ಮುಂಚೆ ತಯಾರಾಗಿ, 'ಐತಿಹಾಸಿಕ' ತೆರಿಗೆ ವರ್ಗಕ್ಕೆ ಸೇರಿದ ಕಾರಿಗೆ ಕಪ್ಪು ಪ್ಲೇಟ್ ಕಾನೂನುಬದ್ಧ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಹಳೆಯ ಕಾರಿಗೆ ಅದು ತಯಾರಾದ ವರ್ಷದ್ದೇ ಅಸಲಿ ಪ್ಲೇಟ್ ಹುಡುಕಿ ತಂದರೆ, ಅಧಿಕಾರಿಗಳು ಪರಿಶೀಲಿಸಿ ಆ ನಂಬರನ್ನೇ ಕಾರಿಗೆ ದಾಖಲಿಸಿಕೊಡುತ್ತಾರೆ. ಅಲ್ಲಿ ಸಂತೆಗಳಲ್ಲಿ ಹಳೆಯ ತಗಡಿಗೆ ಬೆಲೆ ಬಂದದ್ದು ಅದಕ್ಕೇ. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಪ್ಲೇಟನ್ನು ನಿಮ್ಮ ಕಾರಿಗೆ ಹಾಕಿದರೆ ಅದು ಬೇರೆಯವರ ಗುರುತು ಹಾಕಿಕೊಂಡಂತೆ.

ಬ್ರಿಟನ್ನಿನ ಇನ್ನೊಂದು ಪಾಠ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಹಳೆಯ ನೋಂದಣಿಗಳನ್ನು ಕಂಪ್ಯೂಟರಿಗೆ ಏರಿಸಿ 1983ರಲ್ಲಿ ಬಾಗಿಲು ಮುಚ್ಚಿದಾಗ, ಶೆಡ್ಡುಗಳಲ್ಲಿ ಮಲಗಿದ್ದ ಎಷ್ಟೋ ಕಾರುಗಳು ನಂಬರ್ ಕಳೆದುಕೊಂಡವು. ಈಗ ಅದನ್ನು ವಾಪಸ್ ಪಡೆಯಬೇಕಾದರೆ ಹಳೆಯ ಲಾಗ್‌ಬುಕ್‌ನಂಥ ದಾಖಲೆ ಬೇಕು, ಮಾನ್ಯತೆ ಪಡೆದ ಕಾರ್ ಕ್ಲಬ್ಬಿನ ಶಿಫಾರಸು ಬೇಕು. ಹಾಗೆ ಸಿಕ್ಕ ನಂಬರನ್ನು ಇನ್ನೊಂದು ಕಾರಿಗೆ ವರ್ಗಾಯಿಸುವಂತಿಲ್ಲ.

ನಮ್ಮಲ್ಲೂ ಹಳೆಯ ಕಾರುಗಳ ದಾಖಲೆ ಆರ್‌ಟಿಒ ಕಚೇರಿಯ ಲೆಡ್ಜರ್‌ನಲ್ಲೇ ಉಳಿದು, 'ವಾಹನ್' ಕಂಪ್ಯೂಟರ್ ವ್ಯವಸ್ಥೆಗೆ ಏರದೆ ಇರಬಹುದು. ಆದ್ದರಿಂದ ಬಣ್ಣ ಹೊಡೆಸುವ ಮುಂಚೆ ಆರ್‌ಸಿ ಪುಸ್ತಕ ಹುಡುಕಿ. ಅದರಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರುಗಳನ್ನು ಕಾರಿನ ಮೇಲಿನ ಅಚ್ಚಿನ ಜೊತೆ ಹೋಲಿಸಿ. ಗ್ಯಾರೇಜಿನವರು ಹಳೆಯ ಅಚ್ಚನ್ನು ಉಜ್ಜಿ ಹೊಸದಾಗಿ ಹೊಡೆಯದಂತೆ ನೋಡಿಕೊಳ್ಳಿ. ನಂಬರ್ 'ವಾಹನ್'ನಲ್ಲಿ ಕಾಣದಿದ್ದರೆ, ಕಾರು ಮೊದಲು ನೋಂದಣಿಯಾದ ಕಚೇರಿಗೇ ಹೋಗಿ ಹಳೆಯ ದಾಖಲೆಯನ್ನು ಏರಿಸಿಕೊಡಲು ಕೇಳಬೇಕು. ಓಡಾಟ ಇದೆ, ನಿಜ. ಇನ್ನೊಂದು ಎಚ್ಚರಿಕೆ: ಸಾಮಾನ್ಯ ನೋಂದಣಿಯ ಕಾರು ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ಇದ್ದರೆ ಅಲ್ಲಿನ ನಂಬರ್ ಪಡೆಯಬೇಕು ಎನ್ನುತ್ತದೆ ಕಾಯ್ದೆ. ಚೆನ್ನೈಗೋ ಪುಣೆಗೋ ಮಾರಾಟವಾದ ಮೈಸೂರಿನ ಕಾರುಗಳು ತಮ್ಮ ಮೂಲ ನಂಬರ್ ಕಳೆದುಕೊಳ್ಳುವುದು ಹೀಗೆ.

ಆರ್‌ಸಿ ಸಮೇತ ಹಳೆಯ ನಂಬರ್ ಮಾರುತ್ತೇನೆ ಎನ್ನುವವರು ನಿಜಕ್ಕೂ ಮಾರುವುದು ಗುಜರಿಗೆ ಹೋದ ಇನ್ನೊಂದು ಕಾರಿನ ಕಾಗದ. ಅದು ನಿಮ್ಮ ಕಾರಿಗೆ ಹೊಂದಬೇಕಾದರೆ ಚಾಸಿ ನಂಬರ್ ತಿದ್ದಲೇಬೇಕು. ಇದು ದಂಡ ಕಟ್ಟಿ ಮುಗಿಸುವ ತಪ್ಪಲ್ಲ, ಫೋರ್ಜರಿ. ಕದ್ದ ಕಾರುಗಳಿಗೆ ಹೊಸ ಹುಟ್ಟು ಕೊಡುವುದೂ ಇದೇ ವಿಧಾನದಿಂದ.

ಹಾಗಾದರೆ ಕುಂಚದಲ್ಲಿ ಬರೆಸಿದ ಆ ಕಪ್ಪು ತಗಡು? ಖಂಡಿತ ಮಾಡಿಸಿ, ನಿಮ್ಮದೇ ನಂಬರ್ ಬರೆಸಿ. ಕಾರು ಮನೆಯ ಅಂಗಳದಲ್ಲಿ ನಿಂತಿರುವಾಗ, ಫೋಟೋ ತೆಗೆಸುವಾಗ ಹಾಕಿಕೊಳ್ಳಿ. ಗೇಟು ದಾಟುವ ಮುಂಚೆ ತೆಗೆದು ಡಿಕ್ಕಿಯಲ್ಲಿಡಿ.