ಏಳುವ ಸೇತುವೆ, ಏಳದ ಗೇಟು

2025ರ ಏಪ್ರಿಲ್ 6ರಂದು ಪಾಂಬನ್ ಹೊಸ ಸೇತುವೆ ಉದ್ಘಾಟನೆಯಾದಾಗ ನಮ್ಮೆಲ್ಲರ ಮೊಬೈಲಿನ್ಯಾಗೂ ಅದರದ್ದೇ ವಿಡಿಯೋ. 72.5 ಮೀಟರ್ ಉದ್ದದ ಸ್ಪ್ಯಾನ್ ಮೋಟರಿನ ಬಲದಿಂದ 17 ಮೀಟರ್ ನೆಟ್ಟಗ ಮ್ಯಾಲೇಳತೈತಿ. ನೋಡಾಕ ಚಂದ. ಆದರ ನಾವು ಕಲಿಯಬೇಕಾದ್ದು ಪಕ್ಕದ ಹಳೇ ಸೇತುವೆಯಿಂದ.

1914ರಲ್ಲಿ ರೈಲು ಓಡಿದ ಆ ಸೇತುವೆಯ ನಡುವಿನ ಸ್ಪ್ಯಾನ್ ಶೆರ್ಜರ್ ಮಾದರಿಯದು. ಎರಡು ಭಾಗ, ಒಂದೊಂದಕ್ಕೂ ಹಿಂದೆ ಪ್ರತಿಭಾರ. ಬುಡದ ಬಾಗಿದ ಉಕ್ಕು ಚಕ್ಕಡಿ ಗಾಲಿಯಂಗ ಹಿಂದಕ್ಕೆ ಉರುಳಿದರ ಮುಂದಿನ ತುದಿ ಎದ್ದು ಹಡಗಿಗೆ ದಾರಿ ಬಿಡತಿತ್ತು. ಮೋಟರ್ ಇಲ್ಲ, ಮಂದಿ ಕೂಡಿ ಕೈಯಿಂದ ತಿರುಗಸ್ತಿದ್ರು. ಏತದ ಹಿಂದೆ ಕಲ್ಲು ಕಟ್ಟತಿದ್ರಲ್ಲ, ಅದೇ ಲೆಕ್ಕ. 1964ರ ಚಂಡಮಾರುತ ಎಷ್ಟೋ ಗರ್ಡರು ಕೊಚ್ಚಿಕೊಂಡು ಹೋದರೂ ಈ ಸ್ಪ್ಯಾನ್ ಉಳೀತು. 2022ರ ಡಿಸೆಂಬರಿನಲ್ಲಿ ಅದರ ಮೇಲೆ ರೈಲು ನಿಂತಿತು. ಆ ಸ್ಪ್ಯಾನನ್ನು ಗುಜರಿಗೆ ಹಾಕದೆ, ಕೈಯಿಂದ ತಿರುಗುವಂಗ ಉಳಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ರೋಣ, ನರಗುಂದ, ಗಜೇಂದ್ರಗಡದವರಿಗೆ ಇದರಿಂದ ಏನಾಗಬೇಕಾಗೇತಿ ಅಂತೀರಿ? ಮಲಪ್ರಭಾ ಕಾಲುವ್ಯಾಗ ಹಡಗು ಬರೂದಿಲ್ಲ, ಖರೆ. ಆದರ ಏಳೂ ಗೇಟು ಅದಾವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋತು. ತುಂಬಿದ ಡ್ಯಾಮಿನ ನೀರನ್ನು ಹೊಳೆಗೆ ಬಿಡಬೇಕಾತು. ಹರಿಯೋ ನೀರಾಗ ಸ್ಟಾಪ್‌ಲಾಗ್ ಇಳಿಸಿದ ಕನ್ನಯ್ಯ ನಾಯ್ಡು ಅವರನ್ನ ಎಲ್ಲರೂ ಹೊಗಳಿದ್ರು, ಹೊಗಳಬೇಕಾದ್ದೇ. ಆದರ ಚೈನಿಗೆ ಗ್ರೀಸ್ ಹಚ್ಚಿದವರಿಗೆ ಯಾರಾದರೂ ಶಾಲು ಹೊದಿಸಿದ್ದು ನಾವಂತೂ ಕೇಳಿಲ್ಲ.

1980ರ ಜುಲೈ 21ರ ನರಗುಂದ ಬಂಡಾಯದ ಬಗ್ಗೆ ಪ್ರತಿ ವರ್ಷ ಭಾಷಣ ಕೇಳತೀವಿ. ನೀರು ಮುಟ್ಟದ ಹೊಲಕ್ಕೂ ಕರ ಕೇಳಿದ್ದು ಆ ಸಿಟ್ಟಿನ ಮೂಲ. ಕೊನೇ ಹೊಲಕ್ಕ ನೀರು ಮುಟ್ಟೂದು ಸರ್ಕಾರದ ಆದೇಶದ ಮ್ಯಾಲೆ ಅಷ್ಟೇ ಅಲ್ಲ, ಉಪಕಾಲುವೆ ಗೇಟಿನ ಸ್ಕ್ರೂ ತಿರುಗೂದರ ಮ್ಯಾಲೂ ನಿಂತೈತಿ. ಅದು ತುಕ್ಕು ಹಿಡಿದ್ರ ಮ್ಯಾಲಿನವರಿಗೆ ನೀರು ಹೆಚ್ಚು, ಕೆಳಗಿನವರಿಗೆ ಬರೇ ಕಾಲುವೆ.

ಅದಕ್ಕ ನಮ್ಮ ಮಾತು ಇಷ್ಟು: ಈ ಸಲದ ಪ್ರಾಜೆಕ್ಟಿಗೆ ಮತ್ತ ಅದೇ ಲೈನ್ ಫಾಲೋವರ್ ರೋಬೋ ಬ್ಯಾಡ. ಅನುಮತಿ ತಗೊಂಡು ನಮ್ಮೂರ ಹತ್ತಿರದ ಒಂದು ಗೇಟು ಅಳಿಯೋಣ, ಡ್ರಾಯಿಂಗ್ ಮಾಡೋಣ, ತಿರುಗಸಾಕ ಎಷ್ಟು ಬಲ ಬೇಕು ಬರಕೊಳ್ಳೋಣ. ಗೇಟು ತಿರುಗಸಾವ್ರನ್ನೂ ಕೇಳೋಣ, ಅವರಿಗೆ ಗೊತ್ತಿದ್ದದ್ದು ಪುಸ್ತಕದಾಗ ಇಲ್ಲ. ಸಿವಿಲ್‌ನವರಷ್ಟೇ ಅಲ್ಲ, ಮೆಕ್ಯಾನಿಕಲ್‌ನವರೂ ಬರ್ರಿ. ಕಾಲುವೆಗೆ ನೀರು ಬಿಡೂದರೊಳಗ ಹೋಗಬೇಕು, ಆಮ್ಯಾಲೆ ಗೇಟಿನ ತಳ ಕಾಣೂದಿಲ್ಲ.