ಸೊಟ್ಟ ಚಕ್ಕುಲಿ ನೆಂಟರಿಗೆ ಆಗುವುದಿಲ್ಲವೇ?

ಅಷ್ಟಮಿಗೆ ಉಡುಪಿಯಲ್ಲಿ ಉಂಡೆ ಚಕ್ಕುಲಿ ಹಂಚುವುದು ನಿಮಗೆಲ್ಲ ಗೊತ್ತು. ನಮ್ಮ ಮನೆಯಲ್ಲೂ ಮಾಡುತ್ತೇವೆ. ಈ ಸಲ ಅಕ್ಕಿಹಿಟ್ಟಿಗೆ ಹುರಿದ ಉದ್ದಿನ ಹಿಟ್ಟು, ಬೆಣ್ಣೆ, ಎಳ್ಳು ಹಾಕಿ ಅಮ್ಮ ಕಲಸಿ ಕೊಟ್ಟರು. ಚಕ್ಕುಲಿ ಒರಳು ಹಿಡಿದು ಒತ್ತಿದ್ದು ನಾನು ಮತ್ತು ತಂಗಿ. ಹಿಟ್ಟು ಗಟ್ಟಿಯಾದರೆ ಎಳೆ ತುಂಡಾಗುತ್ತದೆ, ನೀರಾದರೆ ಎಣ್ಣೆ ಕುಡಿಯುತ್ತದೆ. ನನ್ನವು ದುಂಡಗೆ ಬಂದವು. ತಂಗಿಯವು ಕೆಲವು ಎಂಟರ ಹಾಗೆ, ಕೆಲವು ಹಾವಿನ ಹಾಗೆ! ಅಮ್ಮ ಅವನ್ನು ಬೇರೆ ಡಬ್ಬಿಗೆ ಹಾಕಿ, "ಇದ್ ನಮ್ಗೆ, ನೆಂಟ್ರಿಗೆ ಚಂದದ್ದ್ ಇರ್ಲಿ" ಅಂದ್ರು. ಆಮೇಲೆ ತಂಗಿ ಒರಳು ಮುಟ್ಟಲೇ ಇಲ್ಲ.

ಎಳೆ ಒಂದೇ ದಪ್ಪ ಇರಬೇಕು, ಇಲ್ಲದಿದ್ದರೆ ಒಂದು ಕಡೆ ಕರಟಿ ಇನ್ನೊಂದು ಕಡೆ ಮೆತ್ತಗಾಗುತ್ತದೆ. ಅದನ್ನು ಒಪ್ಪುತ್ತೇನೆ. ಆದರೆ ದಪ್ಪ ಬರುವುದು ಒರಳಿನ ಬಿಲ್ಲೆಯ ತೂತಿನಿಂದ. ತಂಗಿ ಒತ್ತಿದ್ದೂ ಅದೇ ಬಿಲ್ಲೆಯಲ್ಲಿ. ತಿಂದು ನೋಡಿದೆ, ಸೊಟ್ಟದ್ದೂ ಗರಿಗರಿಯೇ. ನೆಂಟರ ತಟ್ಟೆಗೆ ಎರಡನ್ನೂ ಹಾಕಬೇಕು. ಮುಂದಿನ ಅಷ್ಟಮಿಗೆ ನಾನೇ ಹಾಕ್ತೇನೆ, ಅಮ್ಮ ಬೈದ್ರೂ ಅಡ್ಡಿಲ್ಲ.