ಟ್ರೈ ಬೈಕ್ ಮಾರಿ, ರೋಡ್ ಬೈಕ್ ತಗೊಳ್ಳಿ

1/5
ಹೊಸ ಸೈಕಲ್ ಫೋಟೋ ಹಾಕಿದ್ದೇ ತಡ, ಡಿಎಂ ತುಂಬಾ ಒಂದೇ ಮಾತು. "ಏನ್ ಮಗಾ, ಟ್ರೈ ಬೈಕ್ ಮಾರಿ ಮಾಮೂಲಿ ಸೈಕಲ್ ತಗೊಂಡ್ಯಂತೆ, ದುಡ್ಡಿಗೆ ತೊಂದರೆನಾ?" ಇನ್ನೊಬ್ಬ "ಡೌನ್‌ಗ್ರೇಡ್" ಅಂತ ಬರೆದು ಮೂರು ಅಳೋ ಮುಖ ಕಳಿಸಿದ್ದಾನೆ. ಗೋವಾ 70.3 ರೇಸಿಗೆ ಅಂತ ತಗೊಂಡಿದ್ದೆ. ರೇಸ್ ಮುಗೀತು, ಸೈಕಲ್ ತನ್ನ ಕೆಲಸ ಚೆನ್ನಾಗೇ ಮಾಡ್ತು, ಅಷ್ಟೇ ಕಥೆ.

ಇಷ್ಟುದ್ದ ಬರೀತಿರೋದು ನನ್ನ ಸೈಕಲ್‌ಗಾಗಿ ಅಲ್ಲ. ನಮ್ಮ ಕ್ಲಾಸಲ್ಲೇ ಮೂರು ಜನ ಸೆಕೆಂಡ್ ಹ್ಯಾಂಡ್ ಟ್ರೈ ಬೈಕ್ ಹುಡುಕ್ತಾ ಇದ್ದೀರಿ. ಒಬ್ಬ ಅಂತೂ ಅಪ್ಪನ ಹತ್ರ ಸಾಲ ಮಾಡಿಸೋಕೆ ಹೊರಟಿದ್ದಾನೆ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮೂರಿನ ಎಷ್ಟೋ ಮನೆಯ ಅಪ್ಪಂದಿರು ಕತ್ತಲಲ್ಲೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯೋಕೆ ಹೋಗ್ತಾರೆ. ಆ ದುಡ್ಡು ಯಾವ ಸೈಕಲ್ ಮೇಲೆ ಹೋಗುತ್ತೆ ಅನ್ನೋದು ಸಣ್ಣ ವಿಷಯ ಅಲ್ಲ.

2/5
ಟ್ರೈ ಬೈಕ್ ಅಂದ್ರೆ ಏನು ಅಂತ ಮೊದಲು ತಿಳ್ಕೊಳ್ಳಿ. 70.3ರಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸೈಕಲ್ ಭಾಗದಲ್ಲಿ ಇನ್ನೊಬ್ಬರ ಬೆನ್ನಿಗಂಟಿ ಹೋಗೋ ಹಾಗಿಲ್ಲ. ನಮ್ಮಂಥ ಸಾಮಾನ್ಯ ಸ್ಪರ್ಧಿಗಳಿಗೆ 12 ಮೀಟರ್ ಅಂತರದ ನಿಯಮ. ಅಂದ್ರೆ ಗಾಳಿಯನ್ನ ಒಬ್ಬನೇ ಸೀಳಬೇಕು. ವೇಗ ದುಪ್ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದಕ್ಕೇ ಮೊಣಕೈ ಊರಿ ಮಲಗಿದ ಹಾಗೆ ಕೂರೋಕೆ ಏರೋ ಬಾರ್. ಸೀಟ್ ಟ್ಯೂಬ್ ಕೂಡ ರೋಡ್ ಬೈಕ್‌ಗಿಂತ ನೆಟ್ಟಗೆ: ರೋಡ್ ಬೈಕಲ್ಲಿ 72–74 ಡಿಗ್ರಿ ಇದ್ರೆ, ಇದರಲ್ಲಿ ಸುಮಾರು 76ರಿಂದ 80. ಮೈಭಾರ ಮುಂದಕ್ಕೆ ಬರುತ್ತೆ. ಖಾಲಿ ಮಾಡಿಸಿದ ರಸ್ತೆಯಲ್ಲಿ ನೇರ ಓಡೋಕೆ ಇದಕ್ಕಿಂತ ಒಳ್ಳೇ ಸೈಕಲ್ ಇಲ್ಲ, ಒಪ್ಕೋತೀನಿ.

1989ರ ಟೂರ್ ಡಿ ಫ್ರಾನ್ಸ್ ಗೊತ್ತಲ್ಲ? ಕೊನೆ ದಿನ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಏರೋ ಬಾರ್ ಹಾಕ್ಕೊಂಡು ಓಡಿ, ಒಟ್ಟು 8 ಸೆಕೆಂಡಲ್ಲಿ ಟೂರ್ ಗೆದ್ದ. ಏರೋ ಬಾರ್ ಹೊಗಳೋರೆಲ್ಲ ಈ ಕಥೆ ಹೇಳ್ತಾರೆ. ಆದ್ರೆ ಗುಂಪಲ್ಲಿ ಓಡಿದ ದಿನ ಅವನ ಕೈಲಿದ್ದದ್ದು ಮಾಮೂಲಿ ಡ್ರಾಪ್ ಹ್ಯಾಂಡಲ್. ಅದನ್ನ ಯಾಕೆ ಯಾರೂ ಹೇಳಲ್ಲ?

3/5
ಈಗ ನಮ್ಮ ರಸ್ತೆಗೆ ಬನ್ನಿ. ಕೆಜಿಎಫ್‌ನಿಂದ ಬಂಗಾರಪೇಟೆಗೆ ಹೋಗೋ ದಾರೀಲಿ ಹಂಪ್ ಎಷ್ಟು, ಆಟೋ ಎಷ್ಟು, ಬಣ್ಣ ಬಳಿಯದ ಹಂಪ್ ಇನ್ನೆಷ್ಟು? ಟೊಮೇಟೊ ಕ್ರೇಟ್ ತುಂಬಿದ ಗಾಡಿಗಳು, ಅಡ್ಡ ಬರೋ ಕುರಿ, ರಾಂಗ್ ಸೈಡಲ್ಲಿ ಬರೋ ನಮ್ಮ ಅಣ್ಣಂದಿರು.

ಏರೋ ಬಾರ್ ಮೇಲೆ ಮಲಗಿದಾಗ ನಿಮ್ಮ ಕೈಯಲ್ಲಿ ಗೇರ್ ಇರುತ್ತೆ, ಬ್ರೇಕ್ ಇರಲ್ಲ. ಬ್ರೇಕ್ ಇರೋದು ಕೆಳಗಿನ ಬೇಸ್ ಬಾರ್‌ನಲ್ಲಿ. ಗಂಟೆಗೆ 36 ಕಿ.ಮೀ. ಅಂದ್ರೆ ಸೆಕೆಂಡಿಗೆ 10 ಮೀಟರ್. ಕೈ ತೆಗೆದು ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ಹಿಡೀತು ಅಂದ್ಕೊಳ್ಳಿ, ಬ್ರೇಕ್ ಒತ್ತೋ ಮೊದಲೇ ಆ 10 ಮೀಟರ್ ಹೋಯ್ತು. ಕುರಿಗೆ ಇದೆಲ್ಲಾ ಗೊತ್ತಿರಲ್ಲ.

"ಮಲಗಲ್ಲ ಬಿಡು, ಬೇಸ್ ಬಾರ್ ಹಿಡ್ಕೊಂಡೇ ಓಡಿಸ್ತೀನಿ" ಅಂತೀರಾ? ಹಾಗಾದ್ರೆ ಟ್ರೈ ಬೈಕ್ ಯಾಕೆ? ಮಲಗದಿದ್ರೆ ಅದರ ಲಾಭದಲ್ಲಿ ಬಹುಪಾಲು ಹೋಯ್ತು. ಗೇರ್ ಬದಲಾಯಿಸೋಕೆ ಮತ್ತೆ ಕೈ ಮುಂದಕ್ಕೆ ಚಾಚಬೇಕು.

ಸೈನೈಡ್ ದಿಬ್ಬದ ಪಕ್ಕ ಗಾಳಿ ಬೀಸೋ ದಿನ ಓಡಿಸಿ ನೋಡಿದ್ದೀರಾ? ಕಣ್ಣಿಗೆ ಧೂಳು, ಪಕ್ಕದಿಂದ ಗಾಳಿ, ಕೆಳಗೆ ಅಗಲ ರಿಮ್. ಮುಂದಿನ ಚಕ್ರವನ್ನ ಯಾರೋ ಕೈಹಾಕಿ ಎಳೆದ ಹಾಗಿರುತ್ತೆ. ಇನ್ನು ಬೇತಮಂಗಲದ ಕಡೆಯ ಹೊಸ ಎಕ್ಸ್‌ಪ್ರೆಸ್‌ವೇ ಬಗ್ಗೆ ಕನಸು ಕಾಣಬೇಡಿ. ಅಲ್ಲಿ ಮೋಟರ್ ಬೈಕಿಗೇ ಪ್ರವೇಶ ಇಲ್ಲ.

4/5
ಬುದ್ಧಿವಂತರ ಪ್ರಶ್ನೆ: "ಫ್ರೇಮ್ ಹಾಗೇ ಇರ್ಲಿ, ಡ್ರಾಪ್ ಹ್ಯಾಂಡಲ್ ಹಾಕಿಸಿದ್ರೆ ರೋಡ್ ಬೈಕ್ ಆಗಲ್ವಾ?" ಆಗಲ್ಲ. ಹ್ಯಾಂಡಲ್, ಸ್ಟೆಮ್, ಕೇಬಲ್ ಬೇಕು. ಬ್ರೇಕ್-ಗೇರ್ ಒಟ್ಟಿಗಿರೋ ಲಿವರ್ ಬೇಕು, ಜೇಬಿಗೆ ಬೀಳೋದು ಅದೇ. ಕೆಲವು ಫ್ರೇಮಲ್ಲಿ ಬ್ರೇಕ್ ಫೋರ್ಕ್ ಒಳಗೇ ಅಡಗಿರುತ್ತೆ, ಅಲ್ಲಿ ಕೇಬಲ್ ಬದಲಾಯಿಸೋದೇ ದೊಡ್ಡ ತಲೆನೋವು. ಇಷ್ಟೆಲ್ಲಾ ಮಾಡಿದ್ರೂ ಸೀಟಿನ ಕೋನ ಬದಲಾಗಲ್ಲ. ಭಾರ ಅಂಗೈ ಮೇಲೆ ಬೀಳುತ್ತೆ, ಇಳಿಜಾರಲ್ಲಿ ತಿರುಗಿಸೋಕೆ ಹೋದ್ರೆ ಎದೆ ಢವಢವ. ಖರ್ಚು ಎರಡು ಸೈಕಲ್‌ದು, ಕೈಗೆ ಸಿಗೋದು ಅರ್ಧ ಸೈಕಲ್.

ತಿರುಗಾಮುರುಗಾ ಮಾಡೋದು ಎಷ್ಟೋ ಸುಲಭ, ಅದನ್ನ ಯಾವ ಮಾರಾಟಗಾರನೂ ಹೇಳಲ್ಲ. ರೋಡ್ ಬೈಕ್ ತಗೊಳ್ಳಿ, ಮುಂದೆ ನಿಜಕ್ಕೂ ರೇಸಿಗೆ ಹೆಸರು ಕೊಟ್ರೆ ಆಗ ಕ್ಲಿಪ್-ಆನ್ ಏರೋ ಬಾರ್ ಸಿಕ್ಕಿಸಿ, ಮುಗಿದ ಮೇಲೆ ಬಿಚ್ಚಿಡಿ. ಒಲಿಂಪಿಕ್ಸ್ ಟ್ರಯಥ್ಲಾನ್ ನೋಡಿ, ಅಲ್ಲಿ ಗುಂಪಲ್ಲಿ ಓಡಬಹುದು, ಅದಕ್ಕೇ ಎಲ್ಲರೂ ಡ್ರಾಪ್ ಹ್ಯಾಂಡಲ್. ಟ್ರೈ ಬೈಕ್ ಬಿಡೋದೇ ಇಲ್ಲ. ಚಿನ್ನದ ಪದಕ ಗೆಲ್ಲೋರಿಗೆ ಸಾಕಾಗೋದು ನಮಗೆ ಡೌನ್‌ಗ್ರೇಡಾ?

5/5
ನನಗೆ ನಿಜವಾಗಿ ಸಿಟ್ಟು ಬರಿಸೋದು ಬೇರೆ. ಟ್ರೈ ಬೈಕ್ ತಂದವನು ಗುಂಪು ಬಿಡ್ತಾನೆ, ಬಿಡಲೇಬೇಕು. ಮುಂದಿನ ಚಕ್ರಕ್ಕೆ ಅರ್ಧ ಮೀಟರ್ ದೂರದಲ್ಲಿ ಬ್ರೇಕ್ ಕೈಲಿಲ್ಲದೆ ಓಡೋನನ್ನ ಯಾರು ಸೇರಿಸ್ಕೋತಾರೆ? ಆಮೇಲೆ ಒಬ್ಬನೇ, ನಸುಕಲ್ಲಿ, ಫೋನ್ ಆ್ಯಪ್‌ನ ನಂಬರ್ ನೋಡ್ಕೊಂಡು. ಬಿದ್ರೆ ಎತ್ತೋರಿಲ್ಲ, ಪಂಕ್ಚರ್ ಆದ್ರೆ ಪಂಪ್ ಕೊಡೋರಿಲ್ಲ. ಈ ವರ್ಷ ಸೈಕಲ್ ಹಿಡಿದ ಹುಡುಗೀರು ಮನೇಲಿ ಒಪ್ಪಿಸಿ ಬರ್ತಿರೋದೇ "ಎಲ್ಲರೂ ಜೊತೇಲಿ ಹೋಗ್ತೀವಿ" ಅನ್ನೋ ಒಂದು ಮಾತಿನ ಮೇಲೆ. ನಾವೆಲ್ಲ ಒಬ್ಬೊಬ್ಬರೇ ಮಲಗಿಕೊಂಡು ಓಡಿದ್ರೆ ಆ ಮಾತಿಗೆ ಏನು ಬೆಲೆ?

ವರ್ಷಕ್ಕೆ ಎರಡು ರೇಸ್ ಓಡೋರು, ಮನೇಲಿ ಟ್ರೇನರ್ ಇರೋರು ಟ್ರೈ ಬೈಕ್ ಇಟ್ಕೊಳ್ಳಿ, ನನ್ನ ತಕರಾರಿಲ್ಲ. ಫೋಟೋಗೆ ಅಂತ ತಗೊಳ್ಳೋರ ಜೊತೆ ಮಾತ್ರ ಜಗಳ.

ಭಾನುವಾರ ಬೆಳಿಗ್ಗೆ 5:45, ಉರಿಗಾಂ ಸ್ಟೇಷನ್ ಹತ್ರ. ಕಮ್ಮಸಂದ್ರದ ಮೇಲೆ ಹೋಗಿ ಬರೋಣ, ಹಿಂದೆ ಬಿದ್ದವರಿಗೆ ಎಲ್ಲರೂ ನಿಲ್ತೀವಿ. ಸಂಜೆ ಬಿಡುವಿದ್ದೋರು ಬಂಗಾರಪೇಟೆಗೆ ಬನ್ನಿ, ನೀರಿನಂಥ ಪಾನಿಯ ಪಾನಿಪುರಿ ಇದೆ. ಅಪ್ಪನ ಹತ್ರ ಸಾಲ ಕೇಳ್ತಿರೋ ಮಹಾರಾಯ, ನೀನು ಖಂಡಿತ ಬಾ. ನನ್ನ ರೋಡ್ ಬೈಕ್ ಒಂದು ರೌಂಡ್ ಕೊಡ್ತೀನಿ, ಸೀಟ್ ಎತ್ತರ ಸರಿ ಮಾಡೋಕೆ ಅಲೆನ್ ಕೀ ತರ್ತೀನಿ.

#ಕೆಜಿಎಫ್ #ಬಂಗಾರಪೇಟೆ #ರೋಡ್‌ಬೈಕ್